ಐದನೇ ಮುದುಕಿ ಬೇಕಾಗ್ಯಾಳ

ಮಾತು ಕಮ್ಮಿ ಇದ್ದ ಮನ್ಯಾಗ ಫಜೀತಿನೂ ಕಮ್ಮಿ ಇರ್ತಾವ ಅಂತ ಯಾರರ ಅಂದ್ರ ನಂಬಬ್ಯಾಡ್ರಿ. ನಮ್ಮ ಮಠದಾಗ ಒಂದಿಲ್ಲೊಂದು ನಡದೇ ಇರ್ತಿತ್ತು. ಒಳಗಿನವ್ರು ಹೊರಗ ಬರಂಗಿಲ್ಲ, ಮಾತಾಡಂಗಿಲ್ಲ. ಹೊರಗಿನವ್ರಿಗಿ ಒಳಗ ಏನ್ ನಡದದ ಅಂತ ಗೊತ್ತಾಗಂಗಿಲ್ಲ. ನಡಕ ಬಾಗ್ಲದಾಗ ನಾ ಒಬ್ಬಾಕಿ. ಹಿಂಗಿದ್ದ ಮ್ಯಾಲ ಏನೂ ಆಗಬಾರದು ಅಂದ್ರ ಹ್ಯಾಂಗ?

ಮೈಕಿನಾಕಿ

ನಾ ಜಹೀರಾಬಾದ್ ಬಸ್ ಸ್ಟ್ಯಾಂಡಿನಾಗ ಮೈಕಿನ ಮುಂದ ಕುಂತು ಬಸ್ ಕೂಗೋ ಕೆಲಸ ಮಾಡ್ದಾಕಿ. ನಾರಾಯಣಖೇಡ್ ಬಸ್ ಎಲ್ಲಿ ನಿಂತದ, ತಾಂಡೂರ್ ಬಸ್ ಯಾಕ ಲೇಟ್ ಆಗ್ಯದ, ಬೀದರ್ ಬಸ್ಸಿನಾಗ ಯಾರ ಚೀಲ ಉಳದದ, ಎಲ್ಲಾ ತೆಲುಗಿನಾಗ ಒಮ್ಮಿ, ಉರ್ದುದಾಗ ಒಮ್ಮಿ, ಕನ್ನಡದಾಗ ಒಮ್ಮಿ. ಗಂಡ ಡಿಪೋದಾಗ ಮೆಕ್ಯಾನಿಕ್ ಇದ್ದ, ಹರೇದಾಗೇ ಹೋದ. ಮಕ್ಕಳಿಲ್ಲ. ರಿಟೈರ್ ಆದ ಮ್ಯಾಲ ಬಸ್ ಸ್ಟ್ಯಾಂಡಿನ ಹಿಂದ ಒಂದು ಖೋಲಿ ಹಿಡದು ಕುಂತೆ. ನನ್ನ ಜಾಗಕ್ಕ ಮಶೀನ್ ಹಚ್ಚಿದ್ರು. ಅದು ಕೂಗೋದು ಖೋಲಿ ತನಕ ಕೇಳಸ್ತಿತ್ತು. ಅಷ್ಟು ವರ್ಷ ಊರ ಮಂದಿಗೆಲ್ಲ ಎಲ್ಲಿಗಿ ಹೋಗ್ಬೇಕು ಅಂತ ಹೇಳ್ದೆ, ನೀ ಎಲ್ಲಿಗಿ ಹೊಂಟೀದಿ ಅಂತ ನನಗ ಒಬ್ಬರೂ ಕೇಳಲಿಲ್ಲ.

ನಮ್ಮದು ಅಪ್ಪನ ಕಾಲದಿಂದ ಕ್ಯಾಥೋಲಿಕ್ ಮನಿ. ಒಂದು ಆದಿತ್ಯವಾರ ಪೂಜಿ ಮುಗದ ಮ್ಯಾಲ ಚರ್ಚಿನಾಗ ಒಬ್ಬ ಹಿರೇ ಹೆಣ್ಮಗಳು ಎದ್ದು ನಿಂತು ಮಾತಾಡಿದ್ರು. ಸಾಲಿ ಟೀಚರ್ ಆಗಿ ರಿಟೈರ್ ಆದವ್ರು, ವಿಧವೆ. ಸನ್ಯಾಸಿನಿ ಆಗ್ಬೇಕಂತ ಎಷ್ಟೋ ಮಠದ ಬಾಗ್ಲ ತಟ್ಟಿದ್ರಂತ. ಎಲ್ಲಾ ಕಡಿ ಒಂದೇ ಉತ್ರ, ವಯಸ್ಸು ಆಗ್ಯದ. ಕಡೀಗಿ ಬಿಷಪ್ಪರ ಹತ್ರ ಹೋಗಿ, ವಯಸ್ಸು ಆದವ್ರಿಗೇ ಒಂದು ಮಠ ಮಾಡ್ರಿ, ನಾವು ಒಳಗ ಕುಂತು ಸಾಯೋ ತನಕ ಪ್ರಾರ್ಥನಿ ಮಾಡ್ತೀವಿ ಅಂದ್ರಂತ. ಬಿಷಪ್ಪರು ನಾರಾಯಣಖೇಡ್ ರೋಡಿನ ಮ್ಯಾಲಿನ ಒಂದು ಹಳೇ ಬೆಲ್ಲದ ಗಾಣದ ಮನಿ ತೋರ್ಸಿ, ಮುಂದಿನ ಕಬ್ಬಿನ ಸುಗ್ಗಿ ಮುಗಿಯೋ ಹೊತ್ತಿಗಿ ನಾ ಬರ್ತೀನಿ, ಐದು ಮಂದಿ ಒಳಗ ನೆಲಿ ನಿಂತಿದ್ರ ಸಹಿ ಹಾಕ್ತೀನಿ, ಐದು ಇಲ್ಲಂದ್ರ ಅದು ಮಠ ಅಲ್ಲ ಬಾಡಿಗಿ ಮನಿ, ಕೀಲಿ ಹಾಕಿ ಎಲ್ಲರೂ ಅವರವರ ಊರಿಗಿ ಹೋಗ್ರಿ ಅಂದಿದ್ರು.

ಆ ಹೆಣ್ಮಗಳಿಗೇ ಮುಂದ ನಾವೆಲ್ಲ ಮದರ್ ಅಂದ್ವಿ. ಅವತ್ತು ನಾ ಚರ್ಚಿನ ಗೇಟಿನಾಗ ಅವ್ರನ್ನ ಹಿಡದು ನಿಂದ್ರಿಸ್ದೆ. ನನ್ನ ಕೆಲಸ, ಗಂಡ, ಖೋಲಿ, ಮಶೀನು, ಮೊಣಕಾಲು ನೋವು ಎಲ್ಲಾ ಹೇಳ್ದೆ. ಹೇಳಿ ಹೇಳಿ ಚರ್ಚು ಖಾಲಿ ಆತು, ಗೇಟಿಗಿ ಕೀಲಿ ಹಾಕವ್ರು ಬಂದು ನಿಂತ್ರು. ಕಡೀಗಿ ನಾನೇ, ಅಮ್ಮಾ, ನನಗ ಬಾಯಿ ಮುಚ್ಚಿ ಕೂಡೋದು ಆಗಂಗಿಲ್ಲ, ಒಳಗ ಬ್ಯಾಡ, ಬಾಗ್ಲ ಕಾಯ್ಕೊಂಡು ಹೊರಗ ಇರ್ತೀನಿ ಅಂದೆ. ಅವ್ರು ಒಂದು ಕ್ಷಣನೂ ಯೋಚನಿ ಮಾಡ್ಲಿಲ್ಲ. ಹೌದು ತಾಯಿ, ನೀ ಹೊರಗೇ ಇರು ಅಂದ್ರು.

ಚಿಲಕ ಯಾವ ಕಡಿಗಿ

ಒಳಗ ಹೋದವ್ರು ನಾಲ್ಕು ಮಂದಿ. ಮದರ್ ಒಬ್ರು. ಅವರಕಿಂತ ದೊಡ್ಡಾಕಿ ಒಬ್ಬಾಕಿ ಹಿರಿಯಮ್ಮ, ಆಕಿಗಿ ಕಿವಿ ಪೂರಾ ಮಂದ. ದವಾಖಾನಿದಾಗ ನರ್ಸ್ ಆಗಿದ್ದ ನರ್ಸಮ್ಮ. ಮತ್ತ ಹಾಸ್ಟೆಲ್ಲಿನಾಗ ಅಡಗಿ ಮಾಡ್ತಿದ್ದ ಅಡಗಿ ಅಕ್ಕ. ಇವ್ರನ್ನ ನೋಡಬೇಕಂದ್ರ ಮುಂದಿನ ಖೋಲಿಗಿ ಬರ್ಬೇಕು. ಖೋಲಿ ನಡಕ ಕಬ್ಬಿಣದ ಜಾಲಿ. ಈ ಕಡಿ ನೀವು, ಆ ಕಡಿ ಅವ್ರು. ಗಾಣದ ಮನಿ ಆದ್ದರಿಂದ ಗೋಡಿಗೆಲ್ಲ ಬೆಲ್ಲದ ಪಾಕ ಹತ್ತಿತ್ತು. ಮದರ್ ಮೊಣಕಾಲೂರಿ ಕುಂತ್ರ ಇರುವಿ ಸಾಲು ಸೀರಿ ಮ್ಯಾಲಿಂದೇ ಹೋಗ್ತಿತ್ತು.

ಮಗ್ಗಲ ಹೊಲ ಲಿಂಗವಂತರ ಗೌಡಸಾನಿದು. ಹಣಿ ತುಂಬ ವಿಭೂತಿ, ಕೊರಳಾಗ ಲಿಂಗದ ಕರಡಿಗಿ, ಬಾಯಿ ನನ್ನಂಗೇ. ಹೊಸದಾಗಿ ಜಾಲಿ ಕೂಡ್ಸೋದು ನೋಡ್ಯಾಳ, ನಾಲ್ಕು ಮುದುಕ್ಯಾರು ಒಳಗ ಹೋಗಿದ್ದು ನೋಡ್ಯಾಳ, ಹೊರಗ ಬಂದಿದ್ದು ನೋಡಿಲ್ಲ. ಒಂದು ದಿನ ಜ್ವಾಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದು ನನಗ ಬಾಯಿಗಿ ಬಂದಂಗ ಬೈದ್ಳು. ನೀನೂ ಒಬ್ಬ ಹೆಣ್ಮಗಳಲ್ಲೇನ, ವಯಸ್ಸಾದವ್ರನ್ನ ಹಿಂಗ ಕೂಡಿ ಹಾಕಿ ಕಾವಲ ಕುಂತೀದಿ, ಎಷ್ಟು ಪಗಾರ ಕೊಡ್ತಾರ ಅಂದ್ಳು. ನಾ ಎಷ್ಟು ತಿಳಿಸಿ ಹೇಳಿದ್ರೂ ಕೇಳಲಿಲ್ಲ. ಸೀದಾ ಜಾಲಿ ಹತ್ರ ಕರ್ಕೊಂಡು ಹೋದೆ.

ಜಾಲಿಗಿ ಬಾಯಿ ಹಚ್ಚಿ, ನನಗ ಕೇಳಸಬಾರದಂತ ಸಣ್ಣ ದನಿ ಮಾಡಿ ಮದರಿಗಿ ಕೇಳಿದ್ಳು, ಯಾರು ಹಾಕ್ಯಾರವ್ವ ನಿಮ್ಮನ್ನ ಒಳಗ, ಸೊಸ್ತ್ಯಾರೇನು, ಹೇಳ್ರಿ, ಪಂಚಾಯ್ತಿ ಕೂಡಸ್ತೀನಿ ಅಂತ. ಮದರ್ ನಕ್ಕು, ಯಾರೂ ಹಾಕಿಲ್ಲ, ನಾವೇ ಒಳಗ ಬಂದು ನಾವೇ ಚಿಲಕ ಹಾಕ್ಕೊಂಡೀವಿ ಅಂದ್ರು. ಚಿಲಕ ಎದ್ದು ಹೋಗಿ ತೋರ್ಸಿದ್ರು. ಖರೇ, ಒಳಗಿನ ಕಡಿಗೇ ಇತ್ತು.

ಗೌಡಸಾನಿ ಚಿಲಕ ನೋಡಿದ್ಳು, ಮದರ್ ಮಾರಿ ನೋಡಿದ್ಳು, ತಿರುಗಿ ತನ್ನ ಮನಿ ಕಡಿ ಒಮ್ಮಿ ನೋಡಿದ್ಳು. ಆಮ್ಯಾಲ, ‘ಒಳಗ ಇನ್ನೊಂದು ಹಾಸಗಿ ಹಿಡೀತದೇನ್ರಿ?’ ಅಂದ್ಳು.

ಗಂಟಿ

ಮಠ ಅಂದ್ರ ದಿನಕ್ಕ ಎಷ್ಟೋ ಸಲ ಪ್ರಾರ್ಥನಿ, ಪ್ರಾರ್ಥನಿಗೊಮ್ಮಿ ಗಂಟಿ. ಗಂಟಿ ಹೊಡಿಯೋ ಕೆಲಸ ಹಿರಿಯಮ್ಮಂದು. ಕಿವಿ ಕೇಳದಾಕಿಗಿ ಗಂಟಿ ಯಾಕ ಕೊಟ್ರಿ ಅಂದ್ರ, ಆಕಿಗಿ ಹಗ್ಗ ಜಗ್ಗಿದಾಗ ಎದಿಯಾಗ ಬಡದಂಗ ಆಗ್ತದಂತ, ಅದೊಂದೇ ಆಕಿಗಿ ಕೇಳಸೋದು ಅಂದ್ರು ಮದರ್. ನನಗ ಅವತ್ತು ಆಕಿ ಮ್ಯಾಲ ಭಾಳ ಜೀವ ಆತು.

ಸುತ್ತಮುತ್ತ ಕಬ್ಬು ಕಡಿಯೋ ಹೆಣ್ಮಕ್ಳು ಹಗೂರಕ್ಕ ನಮ್ಮ ಗಂಟಿ ರೂಢಿಗಿ ಬಿದ್ರು. ನಡು ಹಗಲಿನ ಗಂಟಿ ಆತಂದ್ರ ಕುಡಗೋಲು ಕೆಳಗ, ಬುತ್ತಿ ಮ್ಯಾಲ. ಸಂಜಿ ಗಂಟಿ ಆತಂದ್ರ ಮನಿ ದಾರಿ. ಕಬ್ಬಿನ ಮಾಲಕ ನನ್ನ ಹತ್ರ ಬಂದು ಪಂಚಾತಿ ತಗದ. ನಿಮ್ಮ ಮುದುಕಿ ಗಡಿಯಾರ ಮುಂದ ಓಡ್ತದ, ನನ್ನ ಕೂಲಿ ಮಂದಿ ಹಾಳಾಗಾಕತ್ಯಾರ, ಗಂಟಿ ಜರಾ ತಡಾ ಮಾಡಿ ಹೊಡಿಸ್ರಿ ಅಂದ. ಅಂವ ಹೋಗೋದ್ರಾಗ ಕೂಲಿ ಹೆಣ್ಮಕ್ಳು ಬಂದ್ರು. ಅಮ್ಮಾ, ಗಂಟಿ ತಡಾ ಆಗಾಕತ್ಯದ, ಜರಾ ಜಲ್ದಿ ಹೊಡಿಸ್ರಿ ಅಂದ್ರು.

ನಾ ಎರಡೂ ಕಡಿ ಅರ್ಜಿ ಜಾಲಿ ಹತ್ರ ಒಯ್ದೆ. ಮದರ್ ಹೊರಗ ಹೇಳಿ ಕಳ್ಸಿದ್ರು, ಗಂಟಿ ಮಾಲಕಂದೂ ಅಲ್ಲ, ಕೂಲಿಯವ್ರದೂ ಅಲ್ಲ, ದೇವ್ರದು ಅಂತ. ನಾ ಗೇಟಿನಾಗ ನಿಂತು ಬಸ್ ಸ್ಟ್ಯಾಂಡಿನ ದನಿಯಾಗ ಅದನ್ನ ಎಲ್ಲರಿಗೂ ಹೇಳ್ದೆ. ಮಾಲಕ ಹೊಲದ ಕಡಿ ಹೊಂಟ. ಕಬ್ಬು ಕಡಿಯೋರಾಗ ಒಬ್ಬ ಎತ್ತರದ ಹೆಣ್ಮಗಳು ಮಾತ್ರ ಬುತ್ತಿ ಗಂಟು ಹಿಡ್ಕೊಂಡು ನಿಂತು, ‘ಹಂಗಾದ್ರ ದೇವ್ರಿಗಿ ಹಸಿವಿ ಯಾವಾಗ ಆಗ್ತದ, ಅಷ್ಟು ಕೇಳಿ ಹೇಳ್ರಿ’ ಅಂದ್ಳು.

ಧೂಪದ ಕುರಿ

ಒಳಗಿನವ್ರಿಗಿ ಸಾಮಾನು ಕೊಡಾಕ ಗೋಡ್ಯಾಗ ಒಂದು ತಿರುಗೋ ಕಟ್ಟಿಗಿ ಪೆಟ್ಟಿಗಿ ಇತ್ತು. ಹೊರಗಿಂದ ಹಾಲು, ಕಾಯಿಪಲ್ಯ ಇಟ್ಟು ತಿರಿಗಿಸಿದ್ರ ಪೆಟ್ಟಿಗಿ ಬಾಯಿ ಒಳಗ ಆಗ್ತದ. ಕೊಟ್ಟವ್ರ ಮಾರಿ ತೊಗೊಂಡವ್ರಿಗಿ ಕಾಣಂಗಿಲ್ಲ. ಮುಂಜಾನಿ ಪೂಜಿ ಮುಗಿಯೋ ತನಕ ಪ್ರಾರ್ಥನಿ ಬಿಟ್ಟು ಬ್ಯಾರೆ ಮಾತಿಗಿ ಒಳಗ ಯಾರೂ ತುಟಿ ಬಿಚ್ಚಂಗಿಲ್ಲ, ಅದು ನೇಮ.

ಆ ರೋಡಿಗಿ ಕುರಿ ಹಿಂಡು ಹೊಡ್ಕೊಂಡು ಹೋಗೋ ಕುರುಬರ ಅಜ್ಜಿ ಒಬ್ಬಾಕಿ ಇದ್ಳು. ಒಂದಿನ ಮುಂಜಾನಿ ನಾ ನೀರಿಗಿ ಹೋದಾಗ ಬಂದಾಳ. ಆಕಿ ಹತ್ರ ಹುಟ್ಟಿ ಎರಡು ದಿನದ ಮರಿ, ಕಾಲು ಉಳುಕಿ ನಡ್ಯಾಕ ಬರವಲ್ದು. ಹಿಂಡು ಕಂಗ್ಟಿ ಊರ ಕಡಿ ಮೇಯಾಕ ಹೋಗ್ಬೇಕು. ಪೆಟ್ಟಿಗಿ ಕಂಡದ. ಮರಿ ಅದ್ರಾಗ ಇಟ್ಟು, ಸಂಜಿಗಿ ಒಯ್ತೀನ್ರಿ ಅಂತ ಗೋಡಿಗಿ ಹೇಳಿ ತಿರಿಗಿಸಿ ಹೋಗ್ಯಾಳ.

ಒಳಗ ಅಡಗಿ ಅಕ್ಕ ಹಾಲು ಬಂತಂತ ಕೈ ಹಾಕಿದ್ರ ಬೆಚ್ಚಗ ಉಸಿರಾಡೋ ಮರಿ. ಕೂಗಂಗಿಲ್ಲ, ಕೇಳಂಗಿಲ್ಲ, ಮಾತಿಲ್ಲ. ನರ್ಸಮ್ಮ ಕಾಲಿಗಿ ಪಟ್ಟಿ ಕಟ್ಟಿದ್ಳು. ಪ್ರಾರ್ಥನಿ ಹೊತ್ತಾತು, ಮರಿ ಎಲ್ಲಿ ಬಿಡ್ಬೇಕು? ಹಿರಿಯಮ್ಮನ ಮಡಲಾಗ ಹಾಕ್ಕೊಂಡು ಕುಂತ್ರು. ನಮ್ಮ ಕೀರ್ತನಿ ಹೇಳೋದು ಹ್ಯಾಂಗಂದ್ರ ಈ ಸಾಲಿನವ್ರು ಒಂದು ಮಾತು, ಆ ಸಾಲಿನವ್ರು ಒಂದು ಮಾತು. ಹಿರಿಯಮ್ಮ ಕೇಳಸಲಾರದೆ ಯಾವಾಗ್ಲೂ ತಪ್ಪಿದ ಹೊತ್ತಿಗಿ ಬಾಯಿ ತೆಗೀತಿದ್ಳು. ಅವತ್ತು ಮರಿ ಮಾತ್ರ ತನ್ನ ಸಾಲಿನ ಪಾಳಿ ಬಂದಾಗೇ ಮ್ಯಾ ಅಂತಿತ್ತಂತ. ಮದರ್ ಆಮ್ಯಾಲ ಜಾಲಿ ಹತ್ರ ಬಂದು ಕಣ್ಣೀರು ಬರೋ ಹಾಂಗ ನಗಾಕತ್ರು. ನಾ ಅಂತೂ ಈ ಕಡಿ ಒಬ್ಬಾಕೇ ಕುಂತು ನಕ್ಕೆ. ಅಂಥಾ ಚಲೋ ಮುಂಜಾನಿ ಒಳಗ ಆಗ್ಬೇಕು, ನನಗ ವರದಿ ಬರ್ಬೇಕು. ನನ್ನ ಪಾಲಿಗಿ ಬರೀ ವರದಿ.

ಸಂಜಿಗಿ ಮರಿ ತಾಯಿ ಹತ್ರ ಬಿಟ್ರ, ತಾಯಿ ಮೂಸಿ ನೋಡಿ ಕಾಲಿಲೆ ಒದ್ದು ಆಚಿ ನೂಕ್ತು. ಮರಿ ಮೈ ಎಲ್ಲಾ ಧೂಪದ ವಾಸನಿ. ಕುರಿ ತನ್ನ ಮರಿ ಗುರ್ತಾ ಹಿಡಿಯೋದು ವಾಸನಿಲಿಂದ, ನೀವು ಕೆಡಿಸಿ ಕೊಟ್ಟೀರಿ, ಈಗ ಇದು ಹಾಲಿಲ್ಲದೆ ಸಾಯ್ತದ ಅಂತ ಅಜ್ಜಿ ನನ್ನ ಗೇಟಿನಾಗ ಕುಂತು ಅಳಾಕ ಹತ್ತಿದ್ಳು. ಒಳಗ ಹೇಳ್ದೆ. ಸ್ವಲ್ಪ ಹೊತ್ತಿಗಿ ಪೆಟ್ಟಿಗಿ ತಿರುಗ್ತು. ಅದ್ರಾಗ ಕೆಂಡ ತುಂಬಿದ ಧೂಪಾರತಿ. ಮದರ್ ಹೇಳಿ ಕಳ್ಸಿದ್ರು, ತಾಯಿಗೂ ಹಾಕ್ರಿ ಅಂತ.

ಕುರಿ ಸುತ್ತ ನಾ ಧೂಪ ಹಿಡ್ಕೊಂಡು ತಿರುಗಿದೆ, ಅಜ್ಜಿ ಅದರ ಕುತ್ತಿಗಿ ಹಿಡ್ಕೊಂಡಿದ್ಳು. ರೋಡಿನ ಬಸ್ ಒಂದು ನಿಂತು ಮಂದಿ ಎಲ್ಲಾ ಕಿಡಕ್ಯಾಗ ನೋಡಾಕತ್ರು. ತಾಯಿಗಿ ತನ್ನ ಮೈ ವಾಸನಿನೂ ತಿಳೀಲಿಲ್ಲ, ಮರಿ ವಾಸನಿನೂ ತಿಳೀಲಿಲ್ಲ, ಮೊಲಿ ಕೊಟ್ಟು ಬಿಡ್ತು. ಮರುದಿನ ಅಜ್ಜಿ ಹೇಳಿದ್ಳು, ಉಳಿದ ಕುರಿ ಈಗ ಆ ತಾಯಿ ಕುರಿಗಿ ಹಿಂಡಿನಾಗ ಸೇರಿಸವಲ್ವು, ‘ಇನ್ನ ಅಷ್ಟಕ್ಕೂ ಧೂಪ ಹಾಕ್ಬೇಕಾಗ್ತದ್ರಿ, ಬೆಂಕಿ ಮಾಡಸ್ರಿ’ ಅಂತ.

ತಾಂಡೂರ್ ಕಲ್ಲು

ಒಳಗ ಒಬ್ಬೊಬ್ಬರ ಖೋಲಿಗೂ ಒಂದೊಂದು ಹೆಸರಿನ ಕಲ್ಲು ಬೇಕು ಅಂದ್ರು ಮದರ್. ಮ್ಯಾಲ ಶಿಲುಬಿ, ಕೆಳಗ ಹೆಸರು, ಅದ್ರ ಕೆಳಗ ಮಠಕ್ಕ ಬಂದ ತಾರೀಖು. ನಾ ತಾಂಡೂರಿಗಿ ಹೋಗಿ, ಸ್ಟೇಷನ್ ಹತ್ರ ಹಾಸುಗಲ್ಲಿನ ಅಂಗಡ್ಯಾಗ ಕಲ್ಲು ಕೆತ್ತವನಿಗಿ ಹೇಳಿದೆ. ನಾಲ್ಕು ಹೆಸರು, ನಾಲ್ಕಕ್ಕೂ ಒಂದೇ ತಾರೀಖು. ಯಾಕಂದ್ರ ನಾಲ್ಕೂ ಮಂದಿ ಒಂದೇ ದಿನ ಒಳಗ ಹೋದವ್ರು. ಅಂವ, ವಯಸ್ಸು ಆದವ್ರಾ ಅಮ್ಮ ಅಂತ ಕೇಳ್ದ. ಹೌದಪ್ಪ, ಎಲ್ಲರೂ ವಯಸ್ಸು ಆದವ್ರೇ ಅಂದೆ. ಅಂವ ತಾನಾಗೇ ಚಾ ತರಿಸಿ ಕೊಟ್ಟ. ನಾ ಎಂದೂ ಚೌಕಾಸಿ ಬಿಡದಾಕಿ, ಅವತ್ತು ಬಾಯಿ ತೆಗಿಯೋದ್ರಾಗ ಅಂವ ತಲಿ ತಗ್ಗಿಸಿ, ನೀವು ಹೇಳಿದಂಗ ಆಗ್ಲಿ ಅಮ್ಮ ಅಂದ. ತಾಂಡೂರಿನ ಮಂದಿ ಭಾಳ ಚಲೋ ಅಂತ ಬಸ್ಸಿನಾಗೆಲ್ಲ ಹೇಳ್ಕೊಂತ ಬಂದೆ.

ಕಲ್ಲು ತೊಗೊಂಡು ಅಂವ ತಾನೇ ಗಾಡಿ ಮಾಡ್ಕೊಂಡು ಬಂದ. ಕೊರಳಾಗಿನ ಟವಲ್ ತಗದು ಕೈಯಾಗ ಹಿಡದಿದ್ದ. ಇಳಿಸಿದ್ರ ಒಂದೊಂದು ಕಲ್ಲು ಮೂರು ಮೊಳ ಉದ್ದ. ಶಿಲುಬಿ, ಹೆಸರು, ತಾರೀಖು ಎಲ್ಲಾ ಸರಿ. ಎಲ್ಲಕ್ಕಿಂತ ಕೆಳಗ, ಆತ್ಮಕ್ಕ ಶಾಂತಿ ಸಿಗಲಿ ಅಂತ ತಾನೇ ಸೇರಿಸಿ ಕೆತ್ತ್ಯಾನ. ನಾ ಏನ್ ಇದು ಅಂತ ಕೇಳೋದ್ರಾಗ ಅಂವ ನನ್ನ ಹತ್ರ ಬಂದು ಮೆಲ್ಲಕ, ‘ಒಂದೇ ದಿನ ನಾಲ್ಕು ಮಂದಿ ಅಂದ್ರ, ಬಸ್ ಪಲ್ಟಿ ಆತೇನಮ್ಮ?’ ಅಂದ.

ಮದರ್ ಜಾಲಿ ಹಿಂದ ಬಂದು ನಿಂತು ಕಲ್ಲು ಒಂದೊಂದೇ ಓದಿದ್ರು. ತಮ್ಮ ಹೆಸರಿನ ಕಲ್ಲಿಗಿ ಬಂದಾಗ, ಇದು ನಂದು, ಅಕ್ಷರ ಚಂದ ಆಗ್ಯಾವ ಅಂದ್ರು. ಪಾಪ ಆ ಮನಷ್ಯಾ ಗೋಡಿ ಹಿಡ್ಕೊಂಡು ಕುಂತ. ವಾಪಸ್ ಒಯ್ತೀನಿ, ಬ್ಯಾರೆ ಕೆತ್ತಿ ತರ್ತೀನಿ ಅಂತ ಕೈ ಮುಗದ. ಮದರ್ ಬ್ಯಾಡ ಅಂದ್ರು. ‘ಈಗ ಬಾಗ್ಲ ಮಗ್ಗಲ ನಿಂದ್ರಸೋಣ. ಮುಂದ ಜಾಗ ಬದಲಾಯಿಸಿದ್ರ ಆತು’ ಅಂದ್ರು.

ಎಲ್ಲರೂ ನಕ್ರು, ನಾನೂ ನಕ್ಕೆ. ಆದ್ರ ರಾತ್ರಿ ರೊಟ್ಟಿ ಮುಂದ ಕುಂತು ಕಲ್ಲು ಎಣಿಸಿದೆ, ನಾಲ್ಕೇ. ಸತ್ತ ಮ್ಯಾಲೂ ಅವ್ರು ನಾಲ್ಕು ಮಂದಿ ಒಂದು ಸಾಲಿನಾಗ ಇರವ್ರು. ನಾ ಗೇಟಿನ ಖೋಲ್ಯಾಗ ದಿನಾ ಒಬ್ಬಾಕೇ ಉಣ್ಣಾಕಿ. ನನಗ ಕಲ್ಲು ಬೇಕಾಗಿತ್ತು ಅಂತ ಅವತ್ತೇ ಗೊತ್ತಾಗಿದ್ದು. ಯಾರಿಗೂ ಹೇಳ್ಲಿಲ್ಲ. ಎಲ್ಲಾ ಹೇಳೋ ನಾನು ಅದೊಂದು ಮಾತು ಬಾಯಾಗೇ ಇಟ್ಕೊಂಡೆ.

ಜಗಳಕ್ಕ ಯಾರೂ ಇಲ್ಲ

ಸುಗ್ಗಿ ಅರ್ಧ ಆದ್ರೂ ನಾಲ್ಕು ನಾಲ್ಕೇ ಉಳೀತು. ಐದನೇದಾಕಿನ್ನ ಹುಡುಕೋ ಕೆಲಸನೂ ನನ್ನ ತಲಿ ಮ್ಯಾಲೇ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ಎಲ್ಲಾ ಚರ್ಚಿನ ಬಾಗ್ಲದಾಗ ನಿಂತು, ವಯಸ್ಸಾದ ಹೆಣ್ಮಕ್ಳು ಬೇಕಾಗ್ಯಾರ ಅಂತ ಕೇಳಿದೆ. ಹುಡುಗ್ಯಾರನ್ನ ಕೇಳವ್ರನ್ನ ಮಂದಿ ನೋಡ್ಯಾರ, ಮುದುಕ್ಯಾರನ್ನ ಕೇಳೋಳನ್ನ ನೋಡಿಲ್ಲ. ಒಬ್ಬಾಕಿ ಸೊಸಿ ಅಂತೂ ನನ್ನ ಕೈ ಹಿಡದು, ಇವತ್ತೇ ಕರ್ಕೊಂಡು ಹೋಗ್ರಿ ಅಂದ್ಳು. ಅತ್ತಿಗಿ ಕೇಳಿದ್ರ ಅತ್ತಿ ಚಪ್ಲಿ ಹುಡಕಿದ್ಳು.

ಕಡೀಗಿ ನಾರಾಯಣಖೇಡದಿಂದ ಒಬ್ಬಾಕಿ ಬಂದ್ಳು. ತನಗ ತಾನೇ ಬಂದ್ಳು, ಹಾಸಗಿ, ಜಪಸರ, ಹಲ್ಲಿನ ಸೆಟ್ಟು ಎಲ್ಲಾ ತಂದಿದ್ಳು. ಮದರಿಗಿ ಖುಷಿಯೋ ಖುಷಿ. ಐದು ತಾಟು ಹಾಕಿದ್ರು ಅಂತ ಅಡಗಿ ಅಕ್ಕ ಹೇಳಿ ಕಳ್ಸಿದ್ಳು. ನನಗೂ ಖುಷಿ ಆತು, ಹೊಟ್ಟಿಯಾಗ ಜರಾ ಉರೀನೂ ಬಿತ್ತು, ಯಾಕ ಸುಳ್ಳು ಹೇಳ್ಲಿ. ಒಂದು ವಾರ ಆಗಿರ್ಲಿಲ್ಲ, ಆಕಿ ಗಂಟು ಮೂಟಿ ಕಟ್ಕೊಂಡು ನನ್ನ ಗೇಟಿಗಿ ಬಂದ್ಳು. ಏನಾತು, ಊಟ ಬರೋಬರಿ ಇಲ್ಲೇನು ಅಂದೆ. ಊಟ ಚಲೋ ಅದ, ಪ್ರಾರ್ಥನಿ ಚಲೋ ಅದ, ಮಂದಿ ದೇವ್ರಂಥವ್ರು ಅಂದ್ಳು. ಮತ್ತ್ಯಾಕ ಹೊಂಟೀರಿ ಅಂದ್ರ ಆಕಿ ಕಣ್ಣೀರು ಹಾಕಿದ್ಳು. ನನ್ನ ಸೊಸಿ ಭಾಳ ಕೆಟ್ಟಾಕಿ, ಆದ್ರ ಆಕಿ ಒಂದು ಅಂದ್ರ ನಾ ಎರಡು ಅಂತಿದ್ದೆ, ಹೊತ್ತು ಹೋಗ್ತಿತ್ತು, ಇಲ್ಲಿ ಜಗಳಾಡಾಕ ಒಬ್ಬರೂ ಇಲ್ಲ ಅಂದ್ಳು. ಬಸ್ ಬರೋ ತನಕ ಇಬ್ಬರೂ ಕಟ್ಟಿ ಮ್ಯಾಲ ಕುಂತ್ವಿ. ಆಕಿ ಸಮಾಧಾನಕ್ಕ ನಾ ಚಾದಾಗ ಸಕ್ರಿ ಕಮ್ಮಿ ಹಾಕಿ ಒಂದಿಷ್ಟು ಜಗಳ ಆಡಿ ಕಳ್ಸಿದೆ.

ಇದು ಗೌಡಸಾನಿಗಿ ಗೊತ್ತಾತು. ಬಿಷಪ್ಪರು ಬರೋ ದಿನ ಹತ್ರ ಬಂದದ, ಇವ್ರಿಗಿ ಒಂದು ತಲಿ ಕಮ್ಮಿ ಬಿದ್ದದ ಅಂತ. ಜಾಲಿ ಹತ್ರ ಬಂದು, ನನ್ನ ಎಣಿಸ್ಕೊಳ್ರಿ ಅಂದ್ಳು. ಮದರ್ ಆಕಿ ಕೊರಳಿನ ಲಿಂಗದ ಕಡಿ ನೋಡಿ, ತಾಯಿ, ನಿನ್ನ ದೇವ್ರ ಮನಿ ಬ್ಯಾರೆ ಅದಲ್ಲ ಅಂದ್ರು. ಗೌಡಸಾನಿ ಅದಕ್ಕೂ ಯೋಚನಿ ಮಾಡ್ಕೊಂಡೇ ಬಂದಿದ್ಳು. ‘ಒಳಗ ಯಾರೂ ಮಾತಾಡಂಗಿಲ್ಲ ಅಂತೀರಿ. ನಾ ಯಾವ ದೇವ್ರ ಕೂಡ ಮಾತಾಡಾಕತ್ತೀನಿ ಅಂತ ಬಿಷಪ್ಪಗ ಹ್ಯಾಂಗ ಗೊತ್ತಾಗ್ತದ್ರಿ?’ ಅಂದ್ಳು.

ಬಿಷಪ್ಪರ ಗಾಡಿ

ಬಿಷಪ್ಪರು ಬಂದ ದಿನ ಮಠದಾಗ ನಾಲ್ಕೇ ಮಂದಿ. ಅವ್ರು ಜಾಲಿ ಈ ಕಡಿ ಖುರ್ಚಿ ಹಾಕ್ಕೊಂಡು ಕುಂತ್ರು. ಮದರ್ ಸುಳ್ಳು ಹೇಳವ್ರಲ್ಲ, ನಾಲ್ಕು ಅಂದ್ರು. ಬಿಷಪ್ಪರು ಒಳ್ಳೇ ಮನಷ್ಯಾರೇ, ಆದ್ರ ಒಮ್ಮಿ ಆಡಿದ ಮಾತು ಬಿಡವ್ರಲ್ಲ. ನನಗೂ ಕೆಟ್ಟ ಅನಸ್ತದ, ಈಸ್ಟರ್ ಹಬ್ಬ ಇಲ್ಲೇ ಮಾಡ್ರಿ, ಆಮ್ಯಾಲ ಕೀಲಿ ಹಾಕಿಬಿಡೋಣ ಅಂದ್ರು. ಮದರ್ ಆತು ಸ್ವಾಮಿ ಅಂದ್ರು. ನರ್ಸಮ್ಮ ಸೆರಗಿನಾಗ ಮಾರಿ ಮುಚ್ಕೊಂಡ್ಳು. ಹಿರಿಯಮ್ಮಗ ಏನೂ ಕೇಳಸಿರಲಿಲ್ಲ, ಆಕಿ ಬಿಷಪ್ಪರ ಕಡಿ ನೋಡಿ ನಗಾಕತ್ತಿದ್ಳು. ಆ ನಗಿ ನನಗ ನೋಡಾಕ ಆಗ್ಲಿಲ್ಲ.

ಚಾ ಕೊಡಾಕ ಬಂದಾಕಿ ನಾನು, ತಾಟು ಕೆಳಗಿಟ್ಟೆ. ‘ಸ್ವಾಮಿ, ನಾ ಒಳಗ ಹೋಗ್ತೀನಿ’ ಅಂದೆ.

ಬಿಷಪ್ಪರು ನನ್ನ ನೋಡಿದ್ರು. ಅವ್ರು ಬಂದಾಗಿಂದ ಆ ತನಕ ಅವ್ರಿಗಿ ಬಾಗ್ಲದ ಸುದ್ದಿ, ಗಂಟಿ ಸುದ್ದಿ, ಕುರಿ ಸುದ್ದಿ, ಕಲ್ಲಿನ ಸುದ್ದಿ ಎಲ್ಲಾ ನಾನೇ ಹೇಳಿದ್ದು. ನಗಿ ತಡ್ಕೊಂಡು ಮದರಿಗಿ, ಇಕಿ ಸುಮ್ಮನ ಇರ್ತಾಳೇನು ಅಂದ್ರು. ಮದರ್ ತಮ್ಮ ಜಪಸರ ನೋಡ್ಕೊಂಡ್ರು. ನನಗ ಸಿಟ್ಟು ಬಂತು, ಅಳು ಬಂತು. 'ಸ್ವಾಮಿ, ಇಷ್ಟು ದಿನ ನಾ ಮಾತಾಡಿದ್ದು ಯಾರೂ ಇಲ್ಲ ಅಂತ. ಇವ್ರು ಇದ್ರ ನನಗ ಮಾತು ಬೇಕಾಗಿಲ್ಲ' ಅಂದೆ. ಬಿಷಪ್ಪರು ಗಡಿಯಾರ ನೋಡ್ಕೊಂಡ್ರು. ಹಂಗಾದ್ರ ಹಿಂಗ ಮಾಡು, ನಾ ಜಹೀರಾಬಾದಿನ ಚರ್ಚಿಗಿ ಹೋಗಿ ಬರ್ತೀನಿ, ಸಂಜಿ ಗಂಟಿ ಆಗೋ ತನಕ ಒಂದೇ ಒಂದು ಮಾತು ಆಡಬ್ಯಾಡ, ಆಡದಿದ್ರ ಐದು ಅಂತ ಬರ್ಕೋತೀನಿ ಅಂದ್ರು. ನಾ ಹೂಂ ಅನ್ನಾಕ ಹೋಗಿ ನಾಲಿಗಿ ಕಚ್ಕೊಂಡೆ. ಬರೀ ಗೋಣು ಹಾಕಿದೆ.

ಅವ್ರು ಗಾಡ್ಯಾಗ ಹಿಂದಿನ ಸೀಟಿನಾಗ ಕುಂತ್ರು. ನಮ್ಮ ಗೇಟಿನ ಮುಂದ ದಾರಿ ಇಕ್ಕಟ್ಟು, ತಿರಿಗಿಸಾಕ ಬರಂಗಿಲ್ಲ, ರೋಡಿನ ತನಕ ಹಿಂದ ಹಿಂದೇ ಹೋಗ್ಬೇಕು. ದಾರಿ ಮಗ್ಗಲ ಹೊಸ ಪಾಯಖಾನಿಗಿ ಅಂತ ಹಿಂದಿನ ದಿನ ತೆಗ್ಗು ತೋಡಿದ್ರು, ಮೊಣಕಾಲುದ್ದ ಆಗಿತ್ತು. ಕುರಿ ಬೀಳಬಾರದಂತ ಮ್ಯಾಲ ಕಬ್ಬಿನ ಒಣ ಎಲಿ, ರವದಿ ಹರಡಿದ್ರು. ಡ್ರೈವರ್ ಹೊಸಾವ, ಅವನಿಗಿ ಹ್ಯಾಂಗ ಗೊತ್ತಾಗ್ಬೇಕು? ಗಾಡಿ ಹಿಂದ ಬರಾಕತ್ತು, ಸೀದಾ ರವದಿ ಕಡಿಗೇ.

ಗಾಡಿ ಹಿಂದ ರೋಡಿನ ಕಡಿ ನಿಂತು ನೋಡಿದವ್ರು ನಾ ಒಬ್ಬಾಕಿ. ಬಸ್ ಸ್ಟ್ಯಾಂಡಿನಾಗ ಜೀವ ತೇದಾಕಿ ನಾನು, ಹೋಲ್ಡಾನ್ ಅನ್ನೋ ಮಾತು ಹಲ್ಲಿನ ತನಕ ಬಂದು ನಿಂತಿತ್ತು. ಹಲ್ಲು ಕಚ್ಚಿ ಹಿಡದೆ. ಅಡ್ಡ ಹೋಗಿ ನಿಂದ್ರೋಣ ಅಂದ್ರ ಮೊಣಕಾಲು ಏಳವಲ್ವು. ಎರಡೂ ಕೈ ಮ್ಯಾಲೆತ್ತಿ ಬ್ಯಾಡ ಬ್ಯಾಡ ಅಂತ ಬೀಸಿದೆ. ಡ್ರೈವರ್ ಕನ್ನಡ್ಯಾಗ ನೋಡ್ದ. ಅಮ್ಮ ಬರ್ಲಿ ಬರ್ಲಿ ಅಂತ ಕರೀಲಿಕತ್ತಾಳ ಅಂತ ತಿಳ್ಕೊಂಡ. ನಾ ಇನ್ನೂ ಜೋರಾಗಿ ಬೀಸಿದೆ, ಅಂವ ಇನ್ನೂ ಜೋರಾಗಿ ತಂದ. ಹಿಂದಿನ ಗಾಲಿ ಎರಡೂ ತೆಗ್ಗಿನಾಗ ಕುಂತ್ವು, ಗಾಡಿ ಮೂತಿ ಮುಗಲಿಗಿ ಆತು.

ಯಾರಿಗೂ ಏನೂ ಆಗ್ಲಿಲ್ಲ. ಬಿಷಪ್ಪರು ಬಾಗ್ಲ ತಗದು ರವದಿಯಾಗಿಂದ ಎದ್ದು ಬಂದ್ರು. ತಲಿ ಮ್ಯಾಲಿನ ನೇರಳಿ ಬಣ್ಣದ ಟೊಪ್ಪಿಗಿ ಕಿವಿ ಮ್ಯಾಲ ಬಂದಿತ್ತು. ಎದುರಿಗೇ ನಿಂತು ನೋಡಾಕತ್ತಿದ್ದೆಲ್ಲ, ಒಂದು ಮಾತು ಹೇಳಾಕ ಏನಾಗಿತ್ತು ನಿನಗ ಅಂತ ಕೇಳಿದ್ರು. ನಾ ಸುಮ್ಮನಿದ್ದೆ. ಕೇಳಸ್ತದೋ ಇಲ್ಲೋ ಅಂದ್ರು. ನನ್ನ ಕಣ್ಣಾಗ ನೀರು ಸುರೀತಿತ್ತು, ಬಾಯಿ ಮಾತ್ರ ಬಿಗಿ ಹಿಡದಿದ್ದೆ. ಆಗ ಜಾಲಿ ಖೋಲಿ ಕಿಡಕ್ಯಾಗಿಂದ ಮದರ್ ದನಿ ಬಂತು.

‘ಸ್ವಾಮಿ, ನಾವು ಐದು ಮಂದಿ ಆದ್ವಿ.’

ಬಿಷಪ್ಪರು ನನ್ನ ನೋಡಿದ್ರು, ತೆಗ್ಗು ನೋಡಿದ್ರು. ನಗಿ ಬಂತು ಅವ್ರಿಗಿ, ಹೊಟ್ಟಿ ಹಿಡ್ಕೊಂಡು ನಕ್ರು. ಅಲ್ಲೇ ಗಾಡಿ ಬಾನೆಟ್ ಮ್ಯಾಲ ಕಾಗದ ಇಟ್ಟು ಸಹಿ ಹಾಕಿದ್ರು. ಕಬ್ಬು ಕಡಿಯೋ ಹೆಣ್ಮಕ್ಳು ಓಡಿ ಬಂದು ಗಾಡಿ ಎತ್ತಿ ದಾರಿಗಿ ಇಟ್ರು. ಇನ್ನ ನಡಿ ಅಂದ್ರು ಬಿಷಪ್ಪರು ಡ್ರೈವರಿಗಿ. ಅಂವ ಸ್ಟೇರಿಂಗ್ ಬಿಟ್ಟು ಕೈ ಕಟ್ಕೊಂಡು ಕುಂತ. ನಾ ಹಿಂದ ಹೋಗಂಗಿಲ್ಲ ಸ್ವಾಮಿ, ಗಂಟಿ ಆಗ್ಲಿ, ಈ ಅಮ್ಮ ಬಾಯಿ ಬಿಟ್ಟು ಹೇಳಿದ ಮ್ಯಾಲೇ ಗಾಡಿ ತೆಗೀತೀನಿ ಅಂದ.

ಹಿಂಗಾಗಿ ಬಿಷಪ್ಪರು, ಡ್ರೈವರು, ಕಬ್ಬಿನ ಹೆಣ್ಮಕ್ಳು, ಗೌಡಸಾನಿ, ಎಲ್ಲರೂ ನನ್ನ ಬಾಯಿ ನೋಡ್ಕೊಂತ ಸಂಜಿ ತನಕ ಕಟ್ಟಿ ಮ್ಯಾಲ ಕುಂತ್ರು. ಹಿರಿಯಮ್ಮ ಗಂಟಿ ಹೊಡದ್ಳು. ನಾ ರೋಡಿಗಿ ಹೋಗಿ ನಿಂತು, ಎದಿ ತುಂಬ ಉಸಿರು ತೊಗೊಂಡು, ಬರ್ಲಿ, ಬರ್ಲಿ, ಬರ್ಲಿ ಅಂತ ಕೂಗಿದೆ. ಮೈಕ್ ಇಲ್ದೆನೇ ಕೂಗಿದೆ. ಹೊರಗ ನಿಂತು ಆಡೋ ಕಡೀ ಮಾತು ಅದು ಅಂತ ನನಗ ಗೊತ್ತಿತ್ತು. ಗಾಡಿ ರೋಡಿಗಿ ಬಂತು, ಮಾರಿ ತಿರುಗಿಸ್ತು, ಜಹೀರಾಬಾದ್ ಕಡಿ ಹೋಗಿಬಿಡ್ತು. ನಾ ಇನ್ನೂ ಬರ್ಲಿ ಬರ್ಲಿ ಅಂತಾನೇ ನಿಂತಿದ್ದೆ. ಬಿಡಾಕ ಮನಸ್ಸು ಆಗ್ಲಿಲ್ಲ.

ಹೊಳ್ಳಿ ನೋಡಿದ್ರ ಒಳಗಿನ ಸಣ್ಣ ಬಾಗ್ಲ ತೆರದದ, ನಾಲ್ಕೂ ಮಂದಿ ನಿಂತಾರ. ಹಿರಿಯಮ್ಮ ಅವತ್ತಿನ ತನಕ ಒಮ್ಮಿನೂ ನನ್ನ ದನಿ ಕೇಳಿದಾಕಿ ಅಲ್ಲ. ಕಿವಿಗಿ ಕೈ ಹಚ್ಚಿ ನನ್ನ ಕಡಿ ನೋಡಿ, ‘ಇಕಿ ಒಳಗ ಬಂದ ಮ್ಯಾಲ ದಿನಾ ಒಂದೀಟು ಕೂಗಾಕ ಬಿಡ್ರಿ, ನನಗ ಕೇಳಸಾಕತ್ಯದ’ ಅಂದ್ಳು.